ಆಮದು ಬಿಡಿಭಾಗವನ್ನು ಹತ್ತಿರದಲ್ಲೇ ಮಾಡಿಸಿಕೊಳ್ಳುವುದು ಹೇಗೆ: ಸಣ್ಣ ಕಾರ್ಖಾನೆಗಳಿಗೊಂದು ಮಾರ್ಗದರ್ಶಿ

ಕಂಪನಿಗಳು ತಮ್ಮ ಪೂರೈಕೆ ಸರಪಳಿಯನ್ನು ದೂರದ ದೇಶಗಳಿಂದ ಹತ್ತಿರಕ್ಕೆ ತಂದುಕೊಳ್ಳುತ್ತಿರುವ ಸುದ್ದಿಯಲ್ಲಿ ಕಾಣುವುದು ಬಹುಮಟ್ಟಿಗೆ ದೊಡ್ಡವರ ಹೆಸರುಗಳೇ. ಅಮೆರಿಕಕ್ಕೆ ಸರಕು ಕಳಿಸುವ ದೇಶಗಳ ಪೈಕಿ 2023ರಲ್ಲಿ ಮೆಕ್ಸಿಕೊ ಚೀನಾವನ್ನು ಹಿಂದಿಕ್ಕಿತು. ನಮ್ಮ ನರಸಾಪುರ ಮತ್ತು ದೇವನಹಳ್ಳಿಯಲ್ಲಿ ಐಫೋನ್ ಜೋಡಣೆ ನಡೆಯುತ್ತಿದೆ. ಆದರೆ ಇದೇ ಪ್ರಶ್ನೆ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ನಲವತ್ತು ಐವತ್ತು ಜನರನ್ನಿಟ್ಟುಕೊಂಡು ಪಂಪು, ಫ್ಯಾನು, ಕಂಟ್ರೋಲ್ ಪ್ಯಾನೆಲ್ ತಯಾರಿಸುವವರ ಮುಂದೆಯೂ ಇದೆ. ಚೀನಾದಿಂದ ಬರುವ ಭಾಗವನ್ನು ಇಲ್ಲೇ ಮಾಡಿಸಬಹುದೇ, ಮಾಡಿಸಿದರೆ ಉಳಿತಾಯವೋ ನಷ್ಟವೋ, ಎಲ್ಲಿಂದ ಶುರು ಮಾಡಬೇಕು ಎಂಬ ಅವರ ಗೊಂದಲಕ್ಕೆ ಉತ್ತರವಾಗಿ ಈ ಲೇಖನವನ್ನು ಬರೆಯಲಾಗಿದೆ. ಉದಾಹರಣೆಯಾಗಿ, ಮನೆಬಳಕೆಯ ಸಣ್ಣ ಮಾನೊಬ್ಲಾಕ್ ಪಂಪಿನ (ಮೋಟಾರು, ಪಂಪು ಎರಡೂ ಒಂದೇ ಘಟಕವಾಗಿರುವಂಥದು) ತಯಾರಕರೊಬ್ಬರು ಮೋಟಾರಿನ ಅಲ್ಯೂಮಿನಿಯಂ ಕವಚವನ್ನು ಚೀನಾದಿಂದ ತರಿಸುತ್ತಿದ್ದಾರೆ ಎಂದು ಕಲ್ಪಿಸಿಕೊಂಡು ಮುಂದುವರಿಯೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸರಬರಾಜುದಾರರ ವಿಳಾಸ ಹತ್ತಿರವಾದ ಮಾತ್ರಕ್ಕೆ ಸರಪಳಿ ಹತ್ತಿರವಾಗುವುದಿಲ್ಲ. ಅವರಿಗೆ ಕಚ್ಚಾವಸ್ತು ಎಲ್ಲಿಂದ ಬರುತ್ತದೆ ಎಂಬುದೇ ನಿಜವಾದ ದೂರ. ಮುಂದಿನ ಹಂತಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಹಂತ 1: ಯಾವ ಭಾಗವನ್ನು ತರಬೇಕು, ಯಾವುದನ್ನು ಬಿಡಬೇಕು

ನಿಮ್ಮ ಉತ್ಪನ್ನದ ಬಿಡಿಭಾಗಗಳ ಪೂರ್ತಿ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಆಮದಾಗುವ ಪ್ರತಿಯೊಂದು ಭಾಗದ ಎದುರಿಗೆ ಮೂರು ಸಂಗತಿಗಳನ್ನು ಬರೆಯಿರಿ: ಅದು ಬಾರದಿದ್ದರೆ ಎಷ್ಟು ದಿನಕ್ಕೆ ಕೆಲಸ ನಿಲ್ಲುತ್ತದೆ, ವರ್ಷಕ್ಕೆ ಅದಕ್ಕೆ ಎಷ್ಟು ಹಣ ಹೋಗುತ್ತದೆ, ಅದನ್ನು ಮಾಡುವ ವಿದ್ಯೆ ನಮ್ಮ ಸುತ್ತಮುತ್ತ ಇದೆಯೇ. ಹಣದ ಲೆಕ್ಕವೊಂದನ್ನೇ ನೋಡಿ ಅತ್ಯಂತ ದುಬಾರಿ ಭಾಗದಿಂದ ಶುರು ಮಾಡುವುದು ಸಹಜವಾದರೂ ಬಹಳ ಸಲ ಅದು ಕೈಸುಡುವ ದಾರಿಯಾಗುತ್ತದೆ. ಎರಕ, ಶೀಟ್ ಮೆಟಲ್, ಪ್ಲಾಸ್ಟಿಕ್ ಮೋಲ್ಡಿಂಗ್, ವೈರಿಂಗ್ ಹಾರ್ನೆಸ್, ಪ್ಯಾಕಿಂಗ್ ಮೊದಲಾದವುಗಳನ್ನು ಹತ್ತಿರಕ್ಕೆ ತರುವುದು ಹೋಲಿಕೆಯಲ್ಲಿ ಸುಲಭ. ಮೈಕ್ರೋಕಂಟ್ರೋಲರ್, ಡಿಸ್‌ಪ್ಲೇ, ವಿರಳ ಭೂಧಾತುಗಳ ಅಯಸ್ಕಾಂತ ಇಂಥವುಗಳನ್ನು ಸಣ್ಣ ಕಾರ್ಖಾನೆಯೊಂದು ತನ್ನ ಆರ್ಡರಿನ ಬಲದಿಂದ ಇಲ್ಲಿ ಮಾಡಿಸಲು ಸಾಧ್ಯವಿಲ್ಲ. ಅವುಗಳ ವಿಷಯದಲ್ಲಿ ದಾಸ್ತಾನು ಹೆಚ್ಚಿಸುವುದು, ಎರಡನೆಯ ದೇಶದಲ್ಲೊಬ್ಬರನ್ನು ಹುಡುಕಿಕೊಳ್ಳುವುದು, ಇಲ್ಲವೇ ವಿನ್ಯಾಸವನ್ನೇ ಬದಲಿಸುವುದು, ಇಷ್ಟೇ ಇರುವ ಉಪಾಯಗಳು.

ಅಯಸ್ಕಾಂತದ ಪ್ರಸಂಗವನ್ನು ನೆನಪಿಟ್ಟುಕೊಳ್ಳುವುದು ಲೇಸು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಬಗೆಯ ವಿರಳ ಭೂಧಾತುಗಳು ಮತ್ತು ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದಾಗ, ಮೋಟಾರನ್ನು ಭಾರತದಲ್ಲೇ ಖರೀದಿಸುತ್ತಿದ್ದ ವಾಹನ ಕಂಪನಿಗಳಿಗೂ ಅದರ ಬಿಸಿ ತಟ್ಟಿತು. ಅವರ ಸರಬರಾಜುದಾರರು ದೇಶದೊಳಗೇ ಇದ್ದರು. ಮೋಟಾರಿನೊಳಗಿನ ಬೆರಳಗಲದ ಅಯಸ್ಕಾಂತ ಮಾತ್ರ ಹೊರಗಿನಿಂದ ಬರುತ್ತಿತ್ತು.

ಹಂತ 2: ಬಾಗಿಲಿಗೆ ಬಂದು ಬಿದ್ದ ಬೆಲೆಯನ್ನು ಲೆಕ್ಕ ಹಾಕುವುದು

‘ಚೀನಾದಲ್ಲಿ 400 ರೂಪಾಯಿ, ಇಲ್ಲಿ 510 ರೂಪಾಯಿ’ ಎಂಬ ಹೋಲಿಕೆಯಲ್ಲೇ ಬಹಳ ಕಾರ್ಖಾನೆಗಳ ವಿಚಾರ ಮುಗಿದುಹೋಗುತ್ತದೆ. ಈ ಹೋಲಿಕೆ ತಪ್ಪು, ಏಕೆಂದರೆ ಮೊದಲನೆಯದು ಅಲ್ಲಿನ ಬಂದರಿನ ಬೆಲೆ, ಎರಡನೆಯದು ನಿಮ್ಮ ಬಾಗಿಲಿನ ಬೆಲೆ. ಕವಚದ ಉದಾಹರಣೆಯನ್ನೇ ತೆಗೆದುಕೊಂಡು ಲೆಕ್ಕ ಬಿಡಿಸೋಣ. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಸುಂಕದ ದರವನ್ನು ನಿಮ್ಮ ಭಾಗದ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ನೋಡಿ ತುಂಬಿಕೊಳ್ಳಬೇಕು.

2,000 ಕವಚಗಳ ಒಂದು ಲಾಟ್, ತಲಾ 400 ರೂಪಾಯಿಯಂತೆ 8,00,000 ರೂಪಾಯಿ. ಹಡಗಿನ ಬಾಡಿಗೆ ಮತ್ತು ವಿಮೆ 48,000 ಸೇರಿದರೆ 8,48,000. ಇದರ ಮೇಲೆ ಮೂಲ ಕಸ್ಟಮ್ಸ್ ಸುಂಕ ಶೇ 7.5 ಎಂದಿಟ್ಟುಕೊಂಡರೆ 63,600; ಆ ಸುಂಕದ ಮೇಲೆ ಶೇ 10ರಂತೆ ಸಮಾಜ ಕಲ್ಯಾಣ ಸರ್ಚಾರ್ಜ್ 6,360. ಬಂದರಿನ ಖರ್ಚು, ಕಸ್ಟಮ್ಸ್ ಬ್ರೋಕರ್ ಶುಲ್ಕ, ಚೆನ್ನೈನಿಂದ ಪೀಣ್ಯದವರೆಗಿನ ಲಾರಿ ಬಾಡಿಗೆ ಎಲ್ಲ ಸೇರಿ 42,000. ಒಟ್ಟು 9,59,960 ರೂಪಾಯಿ. ಆಮದಿನ ಮೇಲೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿಯನ್ನು ಇದರಲ್ಲಿ ಸೇರಿಸಿಲ್ಲ, ಅದು ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ ವಾಪಸು ಬರುತ್ತದೆ. ಆದರೆ ಮಾಲು ಬಿಡಿಸಿಕೊಳ್ಳುವ ದಿನ ಅಷ್ಟು ನಗದು ಕೈಯಲ್ಲಿರಬೇಕು ಎಂಬುದನ್ನು ಮರೆಯಬಾರದು.

ಈಗ ರಿಜೆಕ್ಷನ್. ನೂರಕ್ಕೆ ಮೂರು ಕೆಟ್ಟವು ಬಂದರೆ ಅವುಗಳನ್ನು ಹಿಂದಕ್ಕೆ ಕಳಿಸುವ ಮಾತೇ ಇಲ್ಲ, ಕಳಿಸುವ ಖರ್ಚಿಗೆ ಹೊಸದೇ ಬರುತ್ತದೆ. ಹಾಗಾಗಿ ಒಳ್ಳೆಯ 1,940 ಕವಚಗಳ ಮೇಲೆ ಇಡೀ ಮೊತ್ತವನ್ನು ಹಂಚಬೇಕು. ತಲಾ 495 ರೂಪಾಯಿ ಆಯಿತು. ಮುಂಗಡ ಕಟ್ಟಿದ ದಿನದಿಂದ ಕವಚ ಪಂಪಿನೊಳಗೆ ಕೂರುವವರೆಗೆ ಸರಾಸರಿ ನಾಲ್ಕು ತಿಂಗಳು ಹಣ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ, ಶೇ 11ರ ಬಡ್ಡಿಯಲ್ಲಿ ಸುಮಾರು 35,200 ರೂಪಾಯಿ, ತಲಾ 18. ಅಲ್ಲಿಗೆ 400 ರೂಪಾಯಿಯ ಕವಚ ನಿಮ್ಮ ಕೈಗೆ ಸಿಕ್ಕಿದ್ದು 513 ರೂಪಾಯಿಗೆ.

ಇಲ್ಲಿಗೆ ಸಂತೋಷಪಡಬೇಡಿ. ಸ್ಥಳೀಯ ಬೆಲೆಗೂ ಹೀಗೆಯೇ ಪೂರ್ತಿ ಲೆಕ್ಕ ಹಾಕಬೇಕು. ಹೊಸ ಡೈ (ಕರಗಿದ ಲೋಹಕ್ಕೆ ಆಕಾರ ಕೊಡುವ ಅಚ್ಚು) ಮಾಡಿಸಲು ಆರು ಲಕ್ಷ ಬೇಕಾಗಿ, ಅದರ ವೆಚ್ಚವನ್ನು 20,000 ಕವಚಗಳ ಮೇಲೆ ಹಂಚಿದರೆ ಇಲ್ಲಿನ 510ಕ್ಕೆ ತಲಾ 30 ರೂಪಾಯಿ ಸೇರಿ 540 ಆಗುತ್ತದೆ. ಅಂದರೆ ಇಲ್ಲಿಯದು 27 ರೂಪಾಯಿ ದುಬಾರಿಯೇ. ಹಾಗಿದ್ದೂ ಬದಲಿಸಬಹುದೇ? ಆ 27 ರೂಪಾಯಿ ನಿಮಗೆ ಏನು ತಂದುಕೊಡುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಎರಡು ಸಾವಿರದ ಲಾಟಿಗೆ ವ್ಯತ್ಯಾಸ 54,000 ರೂಪಾಯಿ. ಸಮಯಕ್ಕೆ ಮಾಲು ಬಾರದೆ ಒಂದು ಸಲ ವಿಮಾನದಲ್ಲಿ ತರಿಸಿದರೆ ಅಥವಾ ಬೇಸಿಗೆಯ ಮಾರಾಟದ ಎರಡು ವಾರ ಅಸೆಂಬ್ಲಿ ನಿಂತರೆ ಎಷ್ಟು ಕಳೆದುಕೊಳ್ಳುತ್ತೀರಿ ಎಂದು ಹಳೆಯ ಲೆಕ್ಕಪುಸ್ತಕ ತೆಗೆದು ನೋಡಿ. ಅಂಥ ನಷ್ಟ ಎಂದೂ ಆಗಿಲ್ಲ, ಮಾಡೆಲ್ ವರ್ಷಗಟ್ಟಲೆ ಬದಲಾಗುವುದಿಲ್ಲ, ಬೇಡಿಕೆಯೂ ಸ್ಥಿರವಾಗಿದೆ ಎಂದಾದರೆ ಆಮದನ್ನೇ ಮುಂದುವರಿಸುವುದು ಜಾಣತನ. ದೇಶಾಭಿಮಾನ ದೊಡ್ಡದೇ, ಆದರೆ ಅದನ್ನು ಕಾಸ್ಟ್ ಶೀಟಿನಲ್ಲಿ ಬರೆಯಲು ಕಾಲಂ ಇಲ್ಲ.

ಹಂತ 3: ಡ್ರಾಯಿಂಗ್ ಸಿದ್ಧಪಡಿಸುವುದು

ಈ ಹಂತವನ್ನು ಹಾರಿಸಿದವರೇ ಹೆಚ್ಚು, ಆಮೇಲೆ ‘ನಮ್ಮವರ ಕೆಲಸ ಸರಿಯಿಲ್ಲ’ ಎಂದು ದೂರುವವರೂ ಅವರೇ. ಚೀನಾದ ಕ್ಯಾಟಲಾಗ್ ನೋಡಿ ಆರಿಸಿಕೊಂಡ ಭಾಗಕ್ಕೆ ನಿಮ್ಮ ಬಳಿ ಡ್ರಾಯಿಂಗೇ ಇರುವುದಿಲ್ಲ. ಕೈಯಲ್ಲಿರುವ ಒಂದು ಸ್ಯಾಂಪಲನ್ನು ಡೈಕಾಸ್ಟಿಂಗ್ ಶಾಪಿನ ಮೇಜಿನ ಮೇಲಿಟ್ಟು ‘ಇದರಂತೆಯೇ ಮಾಡಿಕೊಡಿ’ ಎಂದರೆ, ಅವರು ಆ ಸ್ಯಾಂಪಲಿನ ತಪ್ಪುಗಳನ್ನೂ ಸೇರಿಸಿ ಮಾಡಿಕೊಡುತ್ತಾರೆ. ಬೇರಿಂಗ್ ಕೂರುವ ಗುಂಡಿ ಆ ಒಂದು ಸ್ಯಾಂಪಲಿನಲ್ಲಿ ಮಿತಿಯ ಮೇಲಂಚಿನಲ್ಲಿದ್ದರೆ, ನಿಮ್ಮ ಡೈಗೆ ಅದೇ ನಡುವಣ ಅಳತೆಯಾಗಿಬಿಡುತ್ತದೆ. ಅರ್ಧದಷ್ಟು ಕವಚಗಳಲ್ಲಿ ಬೇರಿಂಗ್ ಸಡಿಲವಾಗುತ್ತದೆ.

ಆದ್ದರಿಂದ ಬೇರೆ ಬೇರೆ ಲಾಟುಗಳಿಂದ ಹಲವು ಸ್ಯಾಂಪಲುಗಳನ್ನು ಆರಿಸಿ, ಸಿಎಂಎಂ ಎಂಬ ಸೂಕ್ಷ್ಮ ಅಳತೆಯ ಯಂತ್ರದಲ್ಲಿ ಅಳೆಸಿ, ಯಾವ ಅಳತೆ ಮುಖ್ಯ, ಯಾವುದು ಹೇಗಿದ್ದರೂ ನಡೆಯುತ್ತದೆ ಎಂದು ನೀವೇ ತೀರ್ಮಾನಿಸಬೇಕು. ಅಳತೆಯ ಸೌಲಭ್ಯ ನಿಮ್ಮಲ್ಲಿ ಇಲ್ಲದಿದ್ದರೆ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿರುವ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಅಥವಾ ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐಯಲ್ಲಿ (ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ) ವಿಚಾರಿಸಬಹುದು. ಬೇರಿಂಗ್ ಗುಂಡಿ, ಶಾಫ್ಟಿನ ಏಕಕೇಂದ್ರತೆ, ಸೀಲ್ ಕೂರುವ ಮುಖ ಇವಕ್ಕೆ ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಇರಲಿ. ಬಿಸಿಯನ್ನು ಹೊರಹಾಕುವ ಹೊರಗಿನ ರೆಕ್ಕೆಗಳಿಗೂ ಅಷ್ಟೇ ಬಿಗಿ ಕೇಳಿದರೆ ಬೆಲೆ ಸುಮ್ಮನೆ ಏರುತ್ತದೆ. ಲೋಹ ಯಾವುದೆಂದು ಅಂದಾಜಿನಲ್ಲಿ ಬರೆಯದೆ ಸ್ಪೆಕ್ಟ್ರೋಮೀಟರ್ ಪರೀಕ್ಷೆ ಮಾಡಿಸಿ, ಎಡಿಸಿ 12 ಎಂದೋ ಎಲ್‌ಎಂ 24 ಎಂದೋ ಮಿಶ್ರಲೋಹದ ದರ್ಜೆಯನ್ನೇ ಡ್ರಾಯಿಂಗಿನಲ್ಲಿ ನಮೂದಿಸಿ.

ಕಾನೂನಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಇನ್ನೊಬ್ಬರ ಪೇಟೆಂಟ್ ಇರುವ ಅಥವಾ ವಿನ್ಯಾಸ ಕಾಯ್ದೆಯಡಿ ನೋಂದಣಿಯಾದ ಭಾಗವನ್ನು ಹೀಗೆ ನಕಲು ಮಾಡುವಂತಿಲ್ಲ. ನಿಮ್ಮ ಪಂಪಿಗೆ ಐಎಸ್‌ಐ ಗುರುತು ಇದ್ದರೆ, ಭಾಗ ಬದಲಾದ ಮೇಲೆ ಮರುಪರೀಕ್ಷೆ ಬೇಕೇ ಎಂದು ಆ ಗುರುತು ಕೊಡುವ ಬಿಐಎಸ್‌ನ ಶಾಖೆಯಲ್ಲಿ ಡೈಗೆ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಹಂತ 4: ಸರಬರಾಜುದಾರರನ್ನು ಹುಡುಕುವುದು, ಹೋಗಿ ನೋಡುವುದು

ಯಾವ ಊರಿಗೆ ಯಾವ ಕೆಲಸ ಒಗ್ಗಿದೆ ಎಂಬುದನ್ನು ತಿಳಿದು ಹೊರಟರೆ ಅಲೆದಾಟ ಕಡಿಮೆಯಾಗುತ್ತದೆ. ಬೀಡು ಕಬ್ಬಿಣದ ಎರಕವಾದರೆ ಬೆಳಗಾವಿಯ ಉದ್ಯಮಬಾಗ್ ಮತ್ತು ಮಚ್ಛೆಯ ಫೌಂಡ್ರಿಗಳು. ಸಂಜೆ ಅಲ್ಲಿಂದ ಹೊರಟ ಲಾರಿ ಸುಮಾರು 500 ಕಿಲೋಮೀಟರ್ ದಾಟಿ ಮರುದಿನ ಬೆಂಗಳೂರಿನಲ್ಲಿರುತ್ತದೆ. ಪಂಪು, ಮೋಟಾರಿನ ಭಾಗಗಳಿಗೆ ಕೊಯಮತ್ತೂರು, ಅಲ್ಯೂಮಿನಿಯಂ ಡೈಕಾಸ್ಟಿಂಗಿಗೆ ಪೀಣ್ಯ ಮತ್ತು ಹೊಸೂರು, ಫೋರ್ಜಿಂಗಿಗೆ ರಾಜಕೋಟ್. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘದ ಮೂಲಕ ಅಥವಾ ನಿಮ್ಮದೇ ಟೂಲ್ ರೂಮಿನವರ ಮೂಲಕ ಸಿಗುವ ಪರಿಚಯ ಅಂತರ್ಜಾಲದ ಪಟ್ಟಿಗಿಂತ ಹೆಚ್ಚು ಭರವಸೆಯದು.

ಮೂರ್ನಾಲ್ಕು ಕಡೆಯಿಂದ ಕೊಟೇಷನ್ ತರಿಸಿದ ಮೇಲೆ ಖುದ್ದಾಗಿ ಹೋಗಿ ನೋಡಲೇಬೇಕು. ಆಫೀಸಿನ ಗೋಡೆಯ ಮೇಲಿನ ಐಎಸ್‌ಒ ಪ್ರಮಾಣಪತ್ರವನ್ನು ನೋಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಶೆಡ್ಡಿನ ಹಿಂಬದಿಗೆ ಹೋಗಿ ರಿಜೆಕ್ಷನ್ ರಾಶಿಯನ್ನು ನೋಡಿ. ಕೆಟ್ಟ ಎರಕಗಳ ಮೇಲೆ ಸೀಮೆಸುಣ್ಣದಲ್ಲಿ ದೋಷದ ಹೆಸರು, ತಾರೀಖು ಬರೆದು ಬೇರೆಯಾಗಿ ಜೋಡಿಸಿಟ್ಟಿದ್ದರೆ, ತಪ್ಪು ಎಲ್ಲಿ ಆಗುತ್ತಿದೆ ಎಂದು ಹುಡುಕುವ ಅಭ್ಯಾಸ ಅಲ್ಲಿದೆ ಎಂದರ್ಥ. ಎಲ್ಲವೂ ಕಲಸುಮೇಲೋಗರವಾಗಿ ಮತ್ತೆ ಕುಲುಮೆಗೆ ಹೋಗುತ್ತಿದ್ದರೆ ಇವತ್ತಿನ ಗಾಳಿಗುಳ್ಳೆ ನಾಳೆಯೂ ಬರುತ್ತದೆ. ಡೈಗಳನ್ನು ಎಣ್ಣೆ ಹಚ್ಚಿ, ಹೆಸರು ಬರೆದು ರ‍್ಯಾಕಿನಲ್ಲಿ ಇಟ್ಟಿದ್ದಾರೆಯೇ, ನೆಲದ ಮೇಲೆ ತುಕ್ಕು ಹಿಡಿದು ಬಿದ್ದಿವೆಯೇ ಎಂಬುದನ್ನೂ ಗಮನಿಸಿ. ನಾಳೆ ನಿಮ್ಮ ಆರು ಲಕ್ಷದ ಡೈ ಇರುವುದು ಅಲ್ಲೇ.

ಕರೆಂಟ್ ಹೋದಾಗ ಕುಲುಮೆ ಏನಾಗುತ್ತದೆ, ನಿಮ್ಮ ಆರ್ಡರ್ ಅವರ ಒಟ್ಟು ಕೆಲಸದಲ್ಲಿ ಎಷ್ಟು ಪಾಲು ಎಂದು ಕೇಳಿ. ತೀರ ಸಣ್ಣ ಪಾಲಾದರೆ ದೊಡ್ಡ ಗಿರಾಕಿಯ ಅವಸರದಲ್ಲಿ ನಿಮ್ಮ ಕೆಲಸ ಹಿಂದೆ ಬೀಳುತ್ತದೆ. ಅರ್ಧಕ್ಕಿಂತ ಹೆಚ್ಚಾದರೆ, ನಿಮ್ಮಲ್ಲಿ ಮಾರಾಟ ಕುಸಿದ ದಿನ ಅವರ ಬಾಗಿಲು ಮುಚ್ಚುತ್ತದೆ, ಆಗ ಇಬ್ಬರೂ ಮುಳುಗಿದಂತೆಯೇ.

ಹಂತ 5: ಅವರಿಗೆ ಎಲ್ಲಿಂದ ಬರುತ್ತದೆ?

ಇದು ನಿಜವಾಗಿ ನಾಲ್ಕನೆಯ ಹಂತದ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ; ಆದರೆ ಬಹುತೇಕ ಯಾರೂ ಕೇಳದೆ ಬಿಡುವುದರಿಂದ ಪ್ರತ್ಯೇಕ ಹಂತವಾಗಿಸಿದ್ದೇನೆ. ಮೂಲೆಯಲ್ಲಿ ಜೋಡಿಸಿಟ್ಟ ಅಲ್ಯೂಮಿನಿಯಂ ಇಂಗಾಟುಗಳ (ಲೋಹದ ಗಟ್ಟಿಗಳ) ಮೇಲೆ ತಯಾರಕರ ಗುರುತು ಇರುತ್ತದೆ, ಅದನ್ನು ಓದಿ. ಮಿಶ್ರಲೋಹ ತಯಾರಿಸುವವರು ಗುಜರಿಯನ್ನು ಆಮದು ಮಾಡಿಕೊಳ್ಳುತ್ತಾರೆಯೇ, ಅದಕ್ಕೆ ಬದಲಿ ಮೂಲ ಇದೆಯೇ ಎಂದು ವಿಚಾರಿಸಿ. ಕಬ್ಬಿಣದ ಎರಕದಲ್ಲಿ ನಮ್ಮ ಸ್ಥಿತಿ ಚೆನ್ನಾಗಿದೆ: ಸಂಡೂರು ಸೀಮೆಯ ಅದಿರು, ಕೊಪ್ಪಳದ ಬೇವಿನಹಳ್ಳಿಯಂಥ ಕಡೆ ತಯಾರಾಗುವ ಬೀಡು ಕಬ್ಬಿಣ, ಬೆಳಗಾವಿಯ ಎರಕ, ಎಲ್ಲವೂ ಒಂದೇ ರಾಜ್ಯದೊಳಗೆ. ಆದರೆ ಕುಲುಮೆಗೆ ಬೇಕಾದ, ಕಲ್ಲಿದ್ದಲಿನಿಂದ ಮಾಡುವ ಕೋಕ್? 2025ರ ಆರಂಭದಲ್ಲಿ ಕೇಂದ್ರ ಸರ್ಕಾರ ಕಡಿಮೆ ಬೂದಿಯ ಕೋಕಿನ ಆಮದಿಗೆ ಪ್ರಮಾಣದ ಮಿತಿ ಹಾಕಿತು. ಎಲ್ಲವೂ ಹತ್ತಿರದಲ್ಲಿದೆ ಎಂದುಕೊಂಡ ಸರಪಳಿಯಲ್ಲೂ ಇಂಥ ಒಂದು ಕೊಂಡಿ ಹೊರಗಿರುತ್ತದೆ.

ಪ್ಯಾನೆಲ್ ಅಥವಾ ಎಲೆಕ್ಟ್ರಾನಿಕ್ಸ್ ಭಾಗವಾದರೆ ಇನ್ನೂ ಆಳಕ್ಕೆ ಇಳಿಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಜೋಡಿಸಿದ ಸರ್ಕಿಟ್ ಬೋರ್ಡಿನ ಬರಿಯ ಬೋರ್ಡು, ಕೆಪಾಸಿಟರ್, ಕನೆಕ್ಟರ್ ಎಲ್ಲಿಯವು ಎಂದು ಸರಬರಾಜುದಾರರಿಂದ ಬರಹದಲ್ಲೇ ಪಡೆಯಿರಿ. ಜೋಡಣೆಯನ್ನು ಇಲ್ಲಿಗೆ ತಂದಷ್ಟು ಸುಲಭವಾಗಿ ಬಿಡಿಭಾಗಗಳನ್ನು ತರಲು ಸಾಧ್ಯವಾಗಿಲ್ಲ ಎಂಬುದನ್ನು ಸರ್ಕಾರವೂ ಕಂಡುಕೊಂಡಿದೆ. 2025ರ ಮಾರ್ಚ್‌ನಲ್ಲಿ 22,919 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ ಬಿಡಿಭಾಗ ತಯಾರಿಕಾ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಅದಕ್ಕಾಗಿಯೇ. ಸರ್ಕಾರಿ ಟೆಂಡರುಗಳಿಗೆ ಮಾಲು ಕೊಡುವವರಿಗೆ ಈ ವಿವರ ಇನ್ನೊಂದು ಕಾರಣಕ್ಕೂ ಬೇಕು. 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶದ ಪ್ರಕಾರ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ ಎನಿಸಿಕೊಳ್ಳಲು ಸಾಮಾನ್ಯವಾಗಿ ಶೇ 50ರಷ್ಟು ಸ್ಥಳೀಯ ಅಂಶ ಇರಬೇಕು. ಆಮದು ಮಾಡಿದ ವಸ್ತುವನ್ನು ಇಲ್ಲಿನ ವ್ಯಾಪಾರಿಯಿಂದ ಕೊಂಡ ಮಾತ್ರಕ್ಕೆ ಅದು ಸ್ಥಳೀಯವಾಗುವುದಿಲ್ಲ.

ಹಂತ 6: ಡೈ ಯಾರದ್ದು ಎಂಬ ಕರಾರು

ಹಣ ನಿಮ್ಮದು, ಡೈ ಅವರ ಶೆಡ್ಡಿನಲ್ಲಿ. ಸಂಬಂಧ ಕೆಟ್ಟ ದಿನ ಡೈ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ಡೈಯ ಮೇಲೆ ನಿಮ್ಮ ಕಂಪನಿಯ ಹೆಸರು ಮತ್ತು ಸಂಖ್ಯೆಯನ್ನು ಕೆತ್ತಿಸಿ, ಫೋಟೊ ತೆಗೆದಿಟ್ಟುಕೊಂಡು, ಎಷ್ಟು ಶಾಟುಗಳ (ಎಷ್ಟು ಸಲ ಎರಕ ಹೊಯ್ಯುವಷ್ಟು) ಬಾಳಿಕೆಯ ಖಾತರಿ, ರಿಪೇರಿ ಯಾರ ಖರ್ಚು, ಎಷ್ಟು ದಿನದ ನೋಟಿಸಿನಲ್ಲಿ ವಾಪಸು ಕೊಡಬೇಕು ಎಂಬುದನ್ನು ಕರಾರಿನಲ್ಲಿ ಬರೆಸಿ.

ಜಿಎಸ್‌ಟಿಯ ಒಂದು ಸೂಕ್ಷ್ಮವೂ ಇಲ್ಲಿದೆ. ಡೈ ಒದಗಿಸುವ ಹೊಣೆ ನಿಮ್ಮದೇ ಎಂದು ಕರಾರಿನಲ್ಲಿದ್ದರೆ ನೀವು ಅದನ್ನು ಉಚಿತವಾಗಿ ಕೊಟ್ಟಿದ್ದಕ್ಕೆ ತೆರಿಗೆ ಬೀಳುವುದಿಲ್ಲ. ಡೈ ಸಮೇತ ಮಾಡಿಕೊಡುವ ಹೊಣೆ ಅವರದು ಎಂದು ಬರೆದು, ನಂತರ ನೀವೇ ಕೊಟ್ಟರೆ, ಅದರ ವೆಚ್ಚದ ಪಾಲು ಭಾಗದ ತೆರಿಗೆ ಮೌಲ್ಯಕ್ಕೆ ಸೇರುತ್ತದೆ. ಒಂದೇ ವಾಕ್ಯದ ವ್ಯತ್ಯಾಸವಾದ್ದರಿಂದ ಕರಡನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿಯೇ ಸಹಿ ಮಾಡಿ.

ಹಂತ 7: ಪ್ರಾಯೋಗಿಕ ಲಾಟ್

ಮೊದಲು ಬರುವ ಐದಾರು ಕವಚಗಳನ್ನು ಡ್ರಾಯಿಂಗಿನ ಪ್ರತಿಯೊಂದು ಅಳತೆಗೂ ಹೋಲಿಸಿ ನೋಡಿ. ಅವು ಸರಿಯಿದ್ದ ಮಾತ್ರಕ್ಕೆ ದೊಡ್ಡ ಆರ್ಡರ್ ಕೊಡಬೇಡಿ, ಏಕೆಂದರೆ ಅವುಗಳನ್ನು ಅಲ್ಲಿನ ಅತ್ಯಂತ ನುರಿತ ಕೆಲಸಗಾರರೇ ಮಾಡಿರುತ್ತಾರೆ. ಇನ್ನೂರು ಮುನ್ನೂರರ ಒಂದು ಲಾಟನ್ನು ಅವರ ಎಂದಿನ ಪಾಳಿಯಲ್ಲಿ ಮಾಡಿಸಿ, ನಿಮ್ಮ ಎಂದಿನ ಅಸೆಂಬ್ಲಿ ಸಾಲಿನಲ್ಲೇ ಜೋಡಿಸಿ. ಎರಕದೊಳಗಿನ ಗಾಳಿಗುಳ್ಳೆ ಮೇಲ್ನೋಟಕ್ಕೆ ಕಾಣುವುದಿಲ್ಲ, ಬೋರಿಂಗ್ ಮಾಡಿ ಒಂದು ಪದರ ಹೋದ ಮೇಲೆಯೇ ಬಾಯಿ ತೆರೆಯುತ್ತದೆ. ಹಾಗಾಗಿ ಮಷಿನಿಂಗ್ ಆದ ನಂತರ ಕಂಡ ದೋಷಕ್ಕೆ ಮಷಿನಿಂಗ್ ಕೂಲಿಯನ್ನೂ ಯಾರು ಭರಿಸಬೇಕು ಎಂಬುದನ್ನು ಈ ಹಂತದಲ್ಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಜೋಡಿಸಿದ ಕೆಲವು ಪಂಪುಗಳನ್ನು ದಿನಗಟ್ಟಲೆ ಓಡಿಸಿ ಬಿಸಿಯೇರುವಿಕೆಯನ್ನು ಅಳೆಯುವುದೂ ಅಗತ್ಯ. ರೆಕ್ಕೆಯ ದಪ್ಪ ಸ್ವಲ್ಪ ಬದಲಾದರೂ ಮೋಟಾರಿನ ತಾಪ ಬದಲಾಗುತ್ತದೆ.

ಹಂತ 8: ಹಣ ಪಾವತಿಯ ಶಿಸ್ತು

ಆಮದಿಗೆ ಮುಂಗಡ ಕಟ್ಟಿ ಅಭ್ಯಾಸವಾದ ಎಷ್ಟೋ ಕಂಪನಿಗಳು ಸ್ಥಳೀಯರಿಗೆ ಮಾತ್ರ ತೊಂಬತ್ತು ದಿನ ಕಾಯಿಸುತ್ತವೆ. ಇದು ಅನ್ಯಾಯವಷ್ಟೇ ಅಲ್ಲ, ಕಾನೂನಿನ ತೊಡಕೂ ಹೌದು. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯಂತೆ, ಸರ್ಕಾರದ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಈ ಗಡುವಿನೊಳಗೆ ಕೊಡದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸುವಂತೆಯೂ ಇಲ್ಲ. ಸರಬರಾಜುದಾರರ ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ಮೊದಲ ಪರ್ಚೇಸ್ ಆರ್ಡರ್ ಜೊತೆಗೇ ಪಡೆದು ಕಡತದಲ್ಲಿಡಿ. ಸಮಯಕ್ಕೆ ಹಣ ಕೊಡುವವರ ಲಾಟು ಕುಲುಮೆಗೆ ಮೊದಲು ಹೋಗುತ್ತದೆ ಎಂಬುದು ಯಾವ ಕಾಯ್ದೆಯಲ್ಲೂ ಬರೆಯದಿದ್ದರೂ ಎಲ್ಲ ಫೌಂಡ್ರಿಗಳಲ್ಲೂ ನಡೆದುಕೊಂಡು ಬಂದಿದೆ.

ಬೆಲೆಯ ಬಗ್ಗೆಯೂ ಇದೇ ಹೊತ್ತಿಗೆ ಸೂತ್ರವೊಂದನ್ನು ಒಪ್ಪಿಕೊಳ್ಳಬೇಕು. ಲೋಹದ ಬೆಲೆ ಮತ್ತು ಮಾಡುವ ಕೂಲಿಯನ್ನು ಬೇರೆ ಬೇರೆಯಾಗಿ ಬರೆದು, ಲೋಹದ ಪಾಲನ್ನು ಮೂರು ತಿಂಗಳಿಗೊಮ್ಮೆ ಮಾರುಕಟ್ಟೆ ದರದಂತೆ ತಿದ್ದುವ ಪದ್ಧತಿ ಇಬ್ಬರಿಗೂ ಕ್ಷೇಮ.

ಹಂತ 9: ಹಳೆಯ ದಾರಿಯನ್ನು ಒಮ್ಮೆಲೇ ಮುಚ್ಚದಿರುವುದು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಧೋರಣೆ ಇಲ್ಲಿ ನಡೆಯದು. ಮೊದಲ ಆರು ತಿಂಗಳು ಅಗತ್ಯದ ಒಂದು ಭಾಗವನ್ನು ಮಾತ್ರ ಸ್ಥಳೀಯರಿಂದ ಪಡೆದು, ಉಳಿದದ್ದನ್ನು ಹಳಬರಿಂದಲೇ ತರಿಸಿ. ಎರಡೂ ಕಡೆಯ ಕವಚಗಳಿಗೆ ಬೇರೆ ಬೇರೆ ಗುರುತು ಹಾಕಿ, ಯಾವ ಪಂಪಿಗೆ ಯಾವುದು ಹೋಯಿತು ಎಂಬ ದಾಖಲೆ ಇಟ್ಟರೆ, ಮುಂದೆ ಡೀಲರಿಂದ ದೂರು ಬಂದಾಗ ಮೂಲ ಹುಡುಕುವುದು ಸುಲಭ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದು, ರಿಜೆಕ್ಷನ್ ಪ್ರಮಾಣ ನೀವು ಒಪ್ಪಿಕೊಂಡ ಮಿತಿಯಲ್ಲೇ ನಿಂತ ಮೇಲೆ ಪಾಲನ್ನು ಹೆಚ್ಚಿಸುತ್ತ ಹೋಗಬಹುದು. ಆಗಲೂ ಚೀನಾದ ಸರಬರಾಜುದಾರರಿಗೆ ವರ್ಷಕ್ಕೊಂದು ಸಣ್ಣ ಆರ್ಡರ್ ಕೊಡುತ್ತಿದ್ದರೆ ಅಲ್ಲಿನ ಡೈ ಬಳಕೆಯಲ್ಲಿರುತ್ತದೆ, ಪತ್ರವ್ಯವಹಾರವೂ ಮುಂದುವರಿಯುತ್ತದೆ. ಮುಂದಿನ ಭಾಗವನ್ನು ಹತ್ತಿರಕ್ಕೆ ತರುವ ಯೋಚನೆಯನ್ನು ಈ ಒಂದು ಭಾಗದ ಪೂರ್ತಿ ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಮಾಡಿ. ಎರಡನೆಯ ಹಂತದಲ್ಲಿ ಅಂದಾಜಿನಲ್ಲಿ ತುಂಬಿದ ಅಂಕಿಗಳ ಜಾಗಕ್ಕೆ ಆಗ ನಿಜವಾದ ಅಂಕಿಗಳು ಸಿಕ್ಕಿರುತ್ತವೆ.